ಆಕಾಶದಿಂದ ಕಾಡಿನ ಲೆಕ್ಕ

ಬೇಸಿಗೆಯಲ್ಲಿ ನಮ್ಮ ಪುಣೆಯ ವೇತಾಳ ಟೇಕಡಿಯ ಹುಲ್ಲಿಗೆ ಬೆಂಕಿ ಬಿದ್ದರೆ ಮನೆಯ ಗಚ್ಚಿಯಿಂದಲೇ ಹೊಗೆ ಕಾಣುತ್ತದೆ. ಬಂಡೀಪುರದಂಥ ದೊಡ್ಡ ಕಾಡು ಹೊತ್ತಿಕೊಂಡರೆ, ಎಷ್ಟು ಸುಟ್ಟಿತೆಂದು ಅಳೆಯುವುದು ಹೇಗೆ?

1972ರ ಜುಲೈ 23ರಂದು ಅಮೆರಿಕ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹವನ್ನು ಹಾರಿಸಿತು. ಈ ಸರಣಿಯ ಚಿತ್ರಗಳನ್ನು ಬಳಸಿಯೇ ಭಾರತೀಯ ಅರಣ್ಯ ಸಮೀಕ್ಷೆ 1987ರಲ್ಲಿ ತನ್ನ ಮೊದಲ ವರದಿ ಹೊರತಂದಿತು. ಮರುವರ್ಷ ಮಾರ್ಚ್ 17ರಂದು ನಮ್ಮದೇ ಐಆರ್‌ಎಸ್-1ಎ ಮೇಲೇರಿತು. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್.

ಹಸಿರೆಲೆ ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಚೆನ್ನಾಗಿ ಪ್ರತಿಫಲಿಸುತ್ತದೆ. ಸುಟ್ಟ ನೆಲ ಹಾಗಲ್ಲ. ಬೆಂಕಿಗೆ ಮೊದಲಿನ ಚಿತ್ರವನ್ನೂ ನಂತರದ್ದನ್ನೂ ಹೋಲಿಸಿದರೆ ಲೆಕ್ಕ ಸಿಗುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರಗಳಿಂದ ಅಂದಾಜಿಸಿದ್ದು ಸುಮಾರು 11 ಸಾವಿರ ಎಕರೆ.

ಕಾಡಿನ ವಯಸ್ಸು? ಹಳೆಯ ಚಿತ್ರದಲ್ಲಿ ಬಯಲಾಗಿದ್ದ ಜಾಗ ಯಾವ ವರ್ಷ ಹಸಿರಾಯಿತೋ ಅಲ್ಲಿಂದ ಎಣಿಸಬಹುದು. 1972ರಲ್ಲೇ ದಟ್ಟವಾಗಿದ್ದ ಕಾಡಿಗೆ ಮಾತ್ರ ಈ ಲೆಕ್ಕ ನಡೆಯದು. ಐವತ್ತು ದಾಟಿದೆ ಎನ್ನಬಹುದು, ನೂರೋ ಮುನ್ನೂರೋ ಹೇಳಲಾಗದು.

ಮಳೆ ಬಿದ್ದೊಡನೆ ಸುಟ್ಟ ಕಾಡೂ ಚಿಗುರುತ್ತದೆ, ಚಿತ್ರದಲ್ಲಿ ಗಾಯ ಮಾಯುತ್ತದೆ. ಆ ಹಸಿರು ಮರದ ಸಸಿಯೋ ಲಂಟಾನದ ಪೊದೆಯೋ ಎಂದು ಖಚಿತವಾಗಿ ತಿಳಿಯಲು ಕಾಡಿನಲ್ಲಿ ನಡೆಯುವ ಗಾರ್ಡ್ ಬೇಕೇ ಬೇಕು.

ಟೇಕಡಿಗೆ ಹೊರಟಾಗ ಬೆಂಕಿಪೆಟ್ಟಿಗೆ ಮನೆಯಲ್ಲೇ ಇರಲಿ. ಮತ್ತೆ ಸಿಗೋಣ.