ಕಲ್ಲಂಗಡಿ, ಕೈಯಿಂದ ಕೈಗೆ

ಮೊನ್ನೆ ಬೆಳಿಗ್ಗೆ ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿಗೆ ಹೋಗಿದ್ದೆ. ಒಂದು ಲಾರಿಯಿಂದ ಕಲ್ಲಂಗಡಿ ಇಳಿಸುತ್ತಿದ್ದರು. ನಂಬರ್ ಪ್ಲೇಟ್ ನೋಡಿದರೆ ಕೆಎ 28, ಅಂದರೆ ನಮ್ಮ ವಿಜಾಪುರದ್ದು! ಈ ಊರಿಗೆ ಬಂದು ಮೂವತ್ತೆಂಟು ವರ್ಷವಾದರೂ ಆ ನಂಬರ್ ಕಂಡರೆ ಕಾಲು ತಾನಾಗಿ ನಿಲ್ಲುತ್ತದೆ. ಮೇಲಿನವನು ಹಣ್ಣು ತೂರುತ್ತಿದ್ದ, ಕೆಳಗಿನವನು ಹಿಡಿದು ಪಕ್ಕದವನಿಗೆ ದಾಟಿಸುತ್ತಿದ್ದ. ಯಾರೂ ಮಾತಾಡುತ್ತಿರಲಿಲ್ಲ. ಮಾತಾಡಿದರೆ ಹಣ್ಣು ತಪ್ಪುತ್ತದೆ. ಇದು ನನಗೆ ಹತ್ತನೇ ವಯಸ್ಸಿನಲ್ಲೇ ಗೊತ್ತಾಗಿತ್ತು, ಒಂದು ಹಣ್ಣು ಕಾಲ ಮೇಲೆ ಬಿದ್ದ ದಿನ.

ನಮ್ಮೂರು ಭೀಮಾ ನದಿಯ ದಂಡೆಯಲ್ಲಿದೆ. 1970ರ ದಶಕದಲ್ಲಿ ಕಲ್ಲಂಗಡಿ ಎಂದರೆ ಹೊಲದ ಬೆಳೆಯಲ್ಲ, ನದಿಯ ಬೆಳೆ. ಸಂಕ್ರಾಂತಿಯ ಹೊತ್ತಿಗೆ ನೀರು ಸರಿದು ಮರಳು ತೇಲುತ್ತಿತ್ತು. ಮರಳಿನಲ್ಲಿ ಹಸಿ ಹತ್ತುವವರೆಗೆ ಗುಂಡಿ ತೋಡಿ, ತಿಪ್ಪೆಗೊಬ್ಬರ ತುಂಬಿ, ನಾಲ್ಕೈದು ಬೀಜ ಊರುತ್ತಿದ್ದರು. ಮೊದಲು ಕೊಡದಲ್ಲಿ ನೀರು ಹೊಯ್ಯಬೇಕು. ಆಮೇಲೆ ಬೇರೇ ಕೆಳಗಿಳಿದು ತನ್ನ ನೀರು ತಾನು ಹುಡುಕಿಕೊಳ್ಳುತ್ತದೆ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಅದು ಹೊಲ ಇಲ್ಲದವರ ಹೊಲವಾಗಿತ್ತು. ನಮ್ಮ ಓಣಿಯ ಅಂಬಿಗರ ಅಜ್ಜಿಗೆ ಒಂದು ಗುಂಟೆ ಜಮೀನಿರಲಿಲ್ಲ, ಆದರೆ ವರ್ಷದಲ್ಲಿ ನಾಲ್ಕು ತಿಂಗಳು ಆಕೆ ಒಕ್ಕಲುಗಿತ್ತಿ. ಎರೆಹೊಲದವರಾದ ನಾವು ರಜೆಯಲ್ಲಿ ಆಕೆಯ ಹತ್ತಿರ ಕೂಲಿಗೆ ಹೋಗುತ್ತಿದ್ದೆವು. ದಿನಕ್ಕೊಂದು ಹಣ್ಣೇ ನಮ್ಮ ಕೂಲಿ.

ಹಣ್ಣು ನೋಡುವುದನ್ನು ಕಲಿಸಿದ್ದೂ ಆಕೆಯೇ. "ಹೊಟ್ಟಿ ನೋಡೋ ತಮ್ಮಾ, ಬೆನ್ನ ನೋಡಬ್ಯಾಡ" ಅನ್ನುತ್ತಿದ್ದಳು. ನೆಲಕ್ಕೆ ತಾಗಿದ ಭಾಗ ಬೆಳ್ಳಗಿದ್ದರೆ ಕಾಯಿ, ಹಳದಿಗೆ ತಿರುಗಿದ್ದರೆ ಹಣ್ಣು. ತೊಟ್ಟಿನ ಪಕ್ಕದ ಸುರುಳಿ ಕುಡಿ ಒಣಗಿರಬೇಕು. ಬೆರಳಿಂದ ಬಡಿದರೆ ಟಣ್ ಅನ್ನಬಾರದು, ದಬ್ ಅನ್ನಬೇಕು. ಜಗ್ಗಿ ಕೀಳಬಾರದು, ತೊಟ್ಟು ಬಿಟ್ಟು ಕುಡುಗೋಲಿನಿಂದ ಕೊಯ್ಯಬೇಕು. ನಸುಕಿನಲ್ಲಿ ಕೊಯ್ದರೆ ಹಣ್ಣು ನೀರು ತುಂಬಿ ಬಿಗಿದಿರುತ್ತದೆ, ಸ್ವಲ್ಪ ತಾಗಿದರೂ ಸೀಳುತ್ತದೆ. ಹಾಗಾಗಿ ಬಿಸಿಲೇರಿದ ಮೇಲೇ ಕೊಯ್ಲು. ಹಣ್ಣಿಗೆ ಒಳ್ಳೆಯದು, ಕೊಯ್ಯುವವರ ನೆತ್ತಿಗೆ ಅಲ್ಲ!

1980ರಲ್ಲಿ ಮೇಲೆ ಮಹಾರಾಷ್ಟ್ರದಲ್ಲಿ ಉಜನಿ ಅಣೆಕಟ್ಟು ಮುಗಿಯಿತು. ನದಿಯ ಏರಿಳಿತದ ಲೆಕ್ಕ ಬದಲಾಯಿತು. ಯಾವಾಗ ನೀರು ಬಿಡುತ್ತಾರೆ, ಯಾವಾಗ ನಿಲ್ಲಿಸುತ್ತಾರೆ ಎಂಬುದು ಅಜ್ಜಿಯ ಪಂಚಾಂಗದಲ್ಲಿ ಇರಲಿಲ್ಲ. ಆಮೇಲೆ ಮರಳಿಗೇ ಬೆಲೆ ಬಂತು, ಟ್ರ್ಯಾಕ್ಟರುಗಳು ಬಂದವು. ನಾನು ಕೆಲಸ ಹುಡುಕಿಕೊಂಡು ಪುಣೆಗೆ ಬರುವ ಹೊತ್ತಿಗೆ ನಮ್ಮೂರ ಹೊಳೆಯಲ್ಲಿ ಬಳ್ಳಿ ಇರಲಿಲ್ಲ.

ಕಲ್ಲಂಗಡಿ ಮಾತ್ರ ಹೋಗಲಿಲ್ಲ, ದಂಡೆ ಹತ್ತಿ ಹೊಲಕ್ಕೆ ಬಂತು. ಅಮೆರಿಕದ ಶುಗರ್ ಬೇಬಿ ಬಂತು, ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ಅರ್ಕಾ ಮಾಣಿಕ್ ಬಂತು, ಆಮೇಲೆ ಕಂಪನಿಗಳ ಹೈಬ್ರಿಡ್ ಬೀಜ. ಈಗ ಹನಿ ನೀರಾವರಿ, ಸಾಲಿನ ಮೇಲೆ ಪ್ಲಾಸ್ಟಿಕ್ ಹಾಳೆ, ಎರಡು ತಿಂಗಳ ಮೇಲೆ ಹತ್ತು ದಿನಕ್ಕೆ ಫಸಲು. ಬೇಸಿಗೆಯನ್ನೂ ಕಾಯುವುದಿಲ್ಲ. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದಲ್ಲ, ಅದಕ್ಕೆ ತಕ್ಕಂತೆ ನಾಟಿ. ವ್ಯಾಪಾರಿ ಹೊಲಕ್ಕೇ ಬಂದು ದರ ಮಾತಾಡುತ್ತಾನೆ. ಎಲ್ಲವೂ ಬದಲಾಗಿದೆ, ಕೊಯ್ಯುವ ಕೈ ಒಂದು ಬಿಟ್ಟು. ಈಗಲೂ ಹೆಂಗಸರು ಹೊಟ್ಟೆ ನೋಡಿ ಕೊಯ್ದು ಬದುವಿಗೆ ಹೊರುತ್ತಾರೆ, ಲಾರಿಯ ತಳಕ್ಕೆ ಭತ್ತದ ಹುಲ್ಲು ಹಾಸುತ್ತಾರೆ, ಕೈಯಿಂದ ಕೈಗೆ ತೂರುತ್ತಾರೆ.

ಅದೇ ಹಣ್ಣು ಪುಣೆಗೆ ಬಂದರೆ ಇಳಿಸುವವನ ಬೆನ್ನ ಹಿಂದೆ ಒಂದು ಚರಿತ್ರೆಯಿದೆ. ಇಲ್ಲಿ 1950ರ ದಶಕದಲ್ಲೇ ಬಾಬಾ ಆಢಾವ್ ಹಮಾಲ್ ಪಂಚಾಯತ್ ಕಟ್ಟಿದರು. ಮುಂಬೈಯಲ್ಲಿ ಅಣ್ಣಾಸಾಹೇಬ್ ಪಾಟೀಲರು ಮಾಥಾಡಿಗಳನ್ನು, ಅಂದರೆ ತಲೆಯ ಮೇಲೆ ಹೊರುವವರನ್ನು, ಸಂಘಟಿಸಿದರು. 1969ರಲ್ಲಿ ಮಹಾರಾಷ್ಟ್ರ ಅವರಿಗಾಗಿಯೇ ಕಾನೂನು ಮಾಡಿತು. ವ್ಯಾಪಾರಿ ಕೂಲಿಯನ್ನು ಮಂಡಳಿಗೆ ಕಟ್ಟಬೇಕು, ಅದರ ಮೇಲೆ ಭವಿಷ್ಯನಿಧಿ, ಬೋನಸ್ಸಿಗೆ ಲೆವಿ ಕೊಡಬೇಕು. ಕಾನೂನು ಪೂರ್ತಿ ಪಾಲನೆಯಾಗುತ್ತದೆ ಎಂದು ನಾನು ಹೇಳಲಾರೆ, ಆದರೆ ಹೆಸರು ಬರೆದ ಪುಸ್ತಕವೊಂದಾದರೂ ಇದೆ. ಹೊಲದಲ್ಲಿ ತುಂಬಿಸಿದವಳ ಹೆಸರು ಯಾವ ಪುಸ್ತಕದಲ್ಲಿದೆ? ಕನಿಷ್ಠ ವೇತನದ ಕಾನೂನು 1948ರಲ್ಲೇ ಬಂದಿತ್ತು, ಹೊಲದ ಕೂಲಿಗೂ ಸೇರಿ. ನಮ್ಮೂರ ಬದುವಿನ ಮೇಲೆ ಅದರ ಸುದ್ದಿ ನಾನು ಕೇಳಿಲ್ಲ.

ನಾನೇನು ದೊಡ್ಡವನಲ್ಲ. 2020ರಲ್ಲಿ ಯುಗಾದಿಯ ದಿನವೇ, ಮಾರ್ಚ್ 25ಕ್ಕೆ, ಲಾಕ್‌ಡೌನ್ ಶುರುವಾಯಿತು. ಊರಲ್ಲಿ ಕಾಕಾನ ಮಗನ ಎರಡು ಎಕರೆ ಕಲ್ಲಂಗಡಿ ಕೊಯ್ಲಿಗೆ ಬಂದಿತ್ತು. "ಅಣ್ಣಾ, ಹಣ್ಣು ನಮ್ಮನ್ನ ಕಾಯಂಗಿಲ್ಲ, ಲಾರಿ ಬರಂಗಿಲ್ಲ" ಎಂದು ಫೋನಿನಲ್ಲಿ ಅತ್ತ. ಅರ್ಧ ದನಕ್ಕೆ, ಅರ್ಧ ಓಣಿಗೆ ಹಂಚಿದ. ಅವನ ನಷ್ಟವನ್ನು ನಾನು ಇಲ್ಲಿನ ಸ್ನೇಹಿತರಿಗೆಲ್ಲ ಹೇಳಿದೆ, ಸ್ವಲ್ಪ ಹಣವನ್ನೂ ಕಳಿಸಿದೆ. ಕೊಯ್ಯಲು ಬರಬೇಕಿದ್ದವರು ಯಾರು, ಅವರು ಆ ತಿಂಗಳು ಏನು ತಿಂದರು ಎಂದು ಕೇಳಲೇ ಇಲ್ಲ. ಸರ್ಕಾರದ ಮೇ ತಿಂಗಳ ಪ್ಯಾಕೇಜಿನಲ್ಲಿ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000, ಅಗಸರಿಗೆ, ಕ್ಷೌರಿಕರಿಗೆ, ಆಟೋದವರಿಗೆ 5,000 ರೂಪಾಯಿ ಇತ್ತು. ಹಣ್ಣು ಕೊಯ್ಯುವವಳಿಗೆ ಅದರಲ್ಲಿ ಸಾಲಿರಲಿಲ್ಲ. ಮೂರು ವರ್ಷದ ಮೇಲೆ ಊರಿಗೆ ಹೋದಾಗ ಮಾತಿಗೆ ಮಾತು ಬಂದು ತಿಳಿಯಿತು, ಆ ಗುಂಪಿನ ಮುಂದಾಳು ಅಂಬಿಗರ ಅಜ್ಜಿಯ ಮೊಮ್ಮಗಳು. ಅಜ್ಜಿ ನನಗೆ ಕೂಲಿ ಕೊಟ್ಟವಳು. ಮೊಮ್ಮಗಳು ನಮ್ಮ ಹೊಲದಲ್ಲಿ ಕೂಲಿ.

ಆಕೆಯನ್ನು ಕಂಡು, ಲಾಕ್‌ಡೌನಿನಲ್ಲಿ ಏನು ಮಾಡಿದಿರಿ ಎಂದೆ. "ಏನ ಮಾಡೂದ್ರೀ ಕಾಕಾ, ನಿಮ್ಮ ತಮ್ಮಾರು ಕೊಟ್ಟ ಹಣ್ಣ ತಿಂದ್ವಿ" ಎಂದು ನಕ್ಕಳು.

ಮೊನ್ನೆ ಲಾರಿಯ ಕ್ಲೀನರ್ ಹುಡುಗನನ್ನು ಯಾವೂರಪ್ಪಾ ಎಂದು ಮಾತಾಡಿಸಿದೆ. ಇಂಡಿ ಕಡೆಯವನಂತೆ. ಲಾರಿ ತುಂಬಿದ್ದು ಯಾರು ಎಂದರೆ, "ಹೆಣ್ಣಮಕ್ಕಳ್ರೀ, ರಾತ್ರಿ ಒಂಬತ್ತರತನಾ" ಎಂದ. ಆ ಹೊತ್ತಿಗೆ ಲಾರಿ ಖಾಲಿಯಾಗಿತ್ತು. ಹಮಾಲರು ಹುಲ್ಲು ಗುಡಿಸಿ ಕೆಳಕ್ಕೆ ತಳ್ಳಿದರು. ಅದರ ಜೊತೆಗೆ ಒಂದು ಕೆಂಪು ಬಳೆಯ ಚೂರೂ ಬಿತ್ತು.