ಬ್ರೆಜಿಲಿನ ಬೀದಿಮಕ್ಕಳೂ 227ನೆಯ ವಿಧಿಯೂ

ರಿಯೊ ಡಿ ಜನೈರೊ ಇನ್ನೂ ಬ್ರೆಜಿಲಿನ ರಾಜಧಾನಿಯಾಗಿದ್ದ ಕಾಲ. 1924ರಲ್ಲಿ ಮೆಲ್ಲೊ ಮಾಟೋಸ್ ಎಂಬವರು ಅಲ್ಲಿ ದೇಶದ ಮೊದಲ ಬಾಲ ನ್ಯಾಯಾಧೀಶರಾಗಿ ಪೀಠವೇರಿದರು. 1927ರ ಅಕ್ಟೋಬರಿನಲ್ಲಿ ಅವರ ಹೆಸರಿನಿಂದಲೇ ಪ್ರಸಿದ್ಧವಾದ ಬಾಲಸಂಹಿತೆ ಜಾರಿಗೆ ಬಂತು. ಹದಿನೆಂಟು ತುಂಬದವರಿಗೆ ಬೇರೆ ಪೀಠ, ಬೇರೆ ನಡಾವಳಿ. ಕೃಪೆಯ ಕಾನೂನೇ ಹೌದು. ಆ ಕೃಪೆಗೆ ಬೀಗವೊಂದಿತ್ತು, ಅಷ್ಟೆ. ದಿಕ್ಕಿಲ್ಲದೆ ಅಲೆಯುವ ಕೂಸು, ಕಳ್ಳತನ ಮಾಡಿ ಸಿಕ್ಕಿಬಿದ್ದ ಹುಡುಗ, ಇಬ್ಬರೂ ಅದೇ ನ್ಯಾಯಾಧೀಶರ ಮುಂದೆ ನಿಲ್ಲಬೇಕಾಗಿತ್ತು.

1964ರಲ್ಲಿ ಸೇನೆ ಅಧಿಕಾರ ಹಿಡಿಯಿತು. ಬೀಗಗಳು ಹೆಚ್ಚಿದವು. 1979ರ ಹೊಸ ಸಂಹಿತೆಯಂತೂ ಹೊಟ್ಟೆಗಿಲ್ಲದ ಮಗುವನ್ನೂ ತಪ್ಪು ಮಾಡಿದ ಮಗುವನ್ನೂ ‘ಕ್ರಮತಪ್ಪಿದ ಸ್ಥಿತಿ’ ಎಂಬ ಒಂದೇ ಪಟ್ಟಿಗೆ ಸೇರಿಸಿತು. ಬಡತನ ಅಪ್ಪನದು, ಬಂಧನ ಮಗನಿಗೆ.

1985ರಲ್ಲಿ ಸೇನಾಡಳಿತ ಕೊನೆಗೊಂಡಿತು. ಅದೇ ವರ್ಷ, ರಸ್ತೆಬದಿಯಲ್ಲೇ ಮಕ್ಕಳ ಜೊತೆ ಕುಳಿತು ಅಕ್ಷರ ಕಲಿಸುತ್ತಿದ್ದವರು ಸೇರಿ ಬೀದಿಮಕ್ಕಳ ರಾಷ್ಟ್ರೀಯ ಚಳವಳಿಯನ್ನು ಕಟ್ಟಿದರು. ಮರುವರ್ಷ ಹೊಸ ರಾಜಧಾನಿ ಬ್ರೆಸೀಲಿಯಾದಲ್ಲಿ ಮಕ್ಕಳದೇ ಸಮಾವೇಶ ನಡೆಯಿತು. ಪೊಲೀಸರ ಏಟುಗಳ ಲೆಕ್ಕವನ್ನು ಅವರು ಅಲ್ಲಿ ತಾವೇ ಒಪ್ಪಿಸಿದರು. ಆಗ ಸಂವಿಧಾನ ರಚನೆಯ ಕಾಲ ಕೂಡಿಬಂತು. ಮೂವತ್ತು ಸಾವಿರ ಸಹಿ ತಂದರೆ ಪ್ರಜೆಗಳೂ ತಿದ್ದುಪಡಿ ಸೂಚಿಸಬಹುದೆಂಬ ನಿಯಮವಿತ್ತು. ಮಕ್ಕಳ ಪರವಾದ ಸೂಚನೆಗಳಿಗೆ ಸಹಿಗಳು ಅದನ್ನು ಎಷ್ಟೋ ಪಟ್ಟು ಮೀರಿ ಬಿದ್ದವು. 1988ರ ಅಕ್ಟೋಬರ್ 5ರಂದು ಘೋಷಿತವಾದ ಸಂವಿಧಾನದ 227ನೆಯ ವಿಧಿ, ಮಕ್ಕಳ ಬದುಕು, ಆರೋಗ್ಯ, ಅನ್ನ, ಶಿಕ್ಷಣ, ಮರ್ಯಾದೆ, ಸ್ವಾತಂತ್ರ್ಯಗಳನ್ನು ಸಂಪೂರ್ಣ ಆದ್ಯತೆಯಿಂದ ಕಾಯುವ ಹೊಣೆಯನ್ನು ಕುಟುಂಬ, ಸಮಾಜ, ಸರ್ಕಾರ ಮೂವರ ಮೇಲೂ ಹೊರಿಸಿತು.

ವಿಧಿಯೇನೋ ಬಂತು, ಅದಕ್ಕೆ ಕೈಕಾಲು ಕೊಡುವ ಕಾನೂನು ಬರಬೇಕಿತ್ತು. 1989ರಲ್ಲಿ ಮಕ್ಕಳು ಮತ್ತೆ ರಾಜಧಾನಿಗೆ ಬಂದರು. ನೂರಾರು ಬೀದಿಮಕ್ಕಳು ಸಂಸತ್ ಭವನದೊಳಗೆ ಸದಸ್ಯರ ಆಸನಗಳಲ್ಲಿ ಕುಳಿತು, ಬರಲಿದ್ದ ಮಸೂದೆಗೆ ಸಾಂಕೇತಿಕವಾಗಿ ಮತ ಹಾಕಿ ಅಂಗೀಕರಿಸಿದರು. ಯಾವ ಊರಿನ ಶಾಸನಸಭೆಯೂ ಇಂಥ ಸದಸ್ಯರನ್ನು ಅದಕ್ಕೆ ಮುಂಚೆ ಕಂಡಿರಲಾರದು. 1990ರ ಜುಲೈ 13ರಂದು ಅಧ್ಯಕ್ಷ ಫರ್ನಾಂಡೊ ಕೊಲ್ಲೊರ್ ಸಹಿ ಹಾಕಿದರು; ಹಳೆಯ ಸಂಹಿತೆ ರದ್ದಾಯಿತು. ಹೊಸ ಕಾನೂನಿನ 16ನೆಯ ವಿಧಿ ಸಾರ್ವಜನಿಕ ಸ್ಥಳಗಳಲ್ಲಿ ಬಂದುಹೋಗುವ, ಇರುವ ಹಕ್ಕನ್ನು ಮಗುವಿಗೆ ಕೊಟ್ಟಿತು. ಅಪರಾಧ ಮಾಡುವಾಗಲೇ ಸಿಕ್ಕಿಬಿದ್ದಿರದಿದ್ದರೆ, ನ್ಯಾಯಾಧೀಶರ ಲಿಖಿತ ಆಜ್ಞೆಯೂ ಇರದಿದ್ದರೆ, ಮಗುವನ್ನು ಹಿಡಿಯುವಂತಿಲ್ಲ. ಹಿಡಿದ ಅಧಿಕಾರಿಗೆ 230ನೆಯ ವಿಧಿಯಂತೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆ. ಹಿಡಿಯುವವನನ್ನೇ ಹಿಡಿಯುವ ಈ ವಿಧಿಯೇ, ನನ್ನ ಎಣಿಕೆಯಲ್ಲಿ, ಇಡೀ ಕಾನೂನಿನ ಬೆನ್ನೆಲುಬು.

ಕಾಗದ ಗುಂಡನ್ನು ತಡೆಯಲಿಲ್ಲ. 1993ರ ಜುಲೈ 23ರ ರಾತ್ರಿ ರಿಯೊದ ಕ್ಯಾಂಡೆಲಾರಿಯ ಇಗರ್ಜಿಯ ಬಳಿ ಮಲಗಿದ್ದ ಮಕ್ಕಳ ಮೇಲೆ ಗುಂಡಿನ ಮಳೆಯಾಯಿತು. ಎಂಟು ಮಂದಿ ಸತ್ತರು. ಕೊಲೆಗಾರರಲ್ಲಿ ಪೊಲೀಸರಿದ್ದರು, ಕೆಲವರಿಗೆ ಶಿಕ್ಷೆಯೂ ಆಯಿತು.

2005ರಲ್ಲಿ ರಾಜಕೀಯ ಪಕ್ಷವೊಂದು 16 ಮತ್ತು 230ನೆಯ ವಿಧಿಗಳನ್ನು ತೆಗೆಯಬೇಕೆಂದು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಬೀದಿಯಲ್ಲಿರಲು ಬಿಡುವುದೇ ಮಕ್ಕಳನ್ನು ಕೈಬಿಟ್ಟಂತೆ, ಎತ್ತಿ ಒಯ್ದರೆ ಅವರಿಗೇ ರಕ್ಷಣೆ ಎಂಬ ವಾದ: ಮೆಲ್ಲೊ ಮಾಟೋಸರ ಕಾಲದ ಕೃಪೆಯೇ ಮರಳಿ ಬಂದಿತ್ತು. ಹದಿನಾಲ್ಕು ವರ್ಷ ಕಾದ ಅರ್ಜಿಯನ್ನು 2019ರ ಆಗಸ್ಟಿನಲ್ಲಿ ನ್ಯಾಯಾಲಯ ಸರ್ವಾನುಮತದಿಂದ ತಳ್ಳಿಹಾಕಿತು.