ಜೂಜಿನ ಚಟ: ಗುರುತಿಸುವುದು ಹೇಗೆ, ಮನೆಯವರು ಮಾಡಬೇಕಾದದ್ದೇನು?

ಶ್ರಾವಕರು ಬಿಡಬೇಕಾದ ಸಪ್ತ ವ್ಯಸನಗಳಲ್ಲಿ ಮೊದಲು ಹೇಳುವುದು ದ್ಯೂತವನ್ನು, ಅಂದರೆ ಜೂಜನ್ನು. ಇಸ್ಪೀಟು, ಮಟ್ಕಾ, ಕ್ರಿಕೆಟ್ ಬೆಟ್ಟಿಂಗ್, ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟ ಎಲ್ಲವೂ ಇದರಲ್ಲಿ ಸೇರುತ್ತವೆ. ವೈದ್ಯಶಾಸ್ತ್ರವೂ ಇದನ್ನು ಕಾಯಿಲೆಯೆಂದೇ ಒಪ್ಪಿದೆ. ಅಮೆರಿಕದ ಮನೋವೈದ್ಯರ ಸಂಘವು 2013ರ ತನ್ನ ಕೈಪಿಡಿಯಲ್ಲಿ ಜೂಜನ್ನು ಮದ್ಯ ಹಾಗೂ ಮಾದಕ ವಸ್ತುಗಳ ಚಟದ ಜೊತೆಗೆ ಸೇರಿಸಿತು.

ಲಕ್ಷಣಗಳು

ಕುಡಿತದಂತೆ ಜೂಜಿಗೆ ವಾಸನೆ ಇಲ್ಲ. ಹಾಗಾಗಿ ಮನೆಯವರಿಗೆ ತಿಳಿಯುವುದು ತಡವಾಗಿ. ಗಮನಿಸಬೇಕಾದವು:

• ಹೋದ ಹಣ ವಾಪಸ್ ಪಡೆಯಲೆಂದು ಮತ್ತೆ ಮತ್ತೆ ಆಡುವುದು
• ಕಟ್ಟುವ ಮೊತ್ತ ಏರುತ್ತಾ ಹೋಗುವುದು
• ಆಡದಿದ್ದರೆ ಸಿಡುಕು, ಚಡಪಡಿಕೆ
• ಸುಳ್ಳು ಹೇಳುವುದು, ಮೊಬೈಲ್ ಮುಚ್ಚಿಡುವುದು
• ಗಲ್ಲಾದ ಹಣಕ್ಕೆ ಲೆಕ್ಕ ಸಿಗದಿರುವುದು, ಒಡವೆ ಅಡವಿಡುವುದು, ಕಂಡವರಲ್ಲಿ ಕೈಸಾಲ ಮಾಡುವುದು

ಮನೆಯವರ ಪಾತ್ರ

ಮರ್ಯಾದೆಗೆ ಅಂಜಿ ಗುಟ್ಟಾಗಿ ಸಾಲ ತೀರಿಸಿಬಿಡುವ ಮನೆಗಳು ಬಹಳ. ಇದರಿಂದ ಚಟ ಬಿಡುವುದಿಲ್ಲ. ಸಾಲ ತೀರಿತೆಂದು ಗೊತ್ತಾದರೆ ಹೊಸ ಸಾಲ ಸುಲಭವಾಗಿ ಹುಟ್ಟುತ್ತದೆ. ಮೊದಲು ಯಾರಿಗೆ ಎಷ್ಟು ಕೊಡಬೇಕು, ಬಡ್ಡಿ ಎಷ್ಟು ಎಂದು ಅವರ ಕೈಯಿಂದಲೇ ಪೂರ್ತಿ ಬರೆಸಬೇಕು. ನಂತರ ಅವರ ಒಪ್ಪಿಗೆ ಪಡೆದು ಬ್ಯಾಂಕ್ ಖಾತೆ, ಯುಪಿಐ, ಕಾರ್ಡ್, ಒಡವೆಗಳ ಹೊಣೆಯನ್ನು ಮನೆಯ ಒಬ್ಬರು ವಹಿಸಿಕೊಳ್ಳಬೇಕು. ಕೈಗೆ ದಿನದ ಖರ್ಚಿನಷ್ಟೇ ಸಾಕು. ಸಾಲ ಅವರ ದುಡಿಮೆಯಿಂದಲೇ ಕಂತು ಕಂತಾಗಿ ತೀರಲಿ. ಹೆಂಡತಿ, ಮಕ್ಕಳು, ನೆಂಟರ ಎದುರು ಹೀಯಾಳಿಸಬಾರದು. ಹೀಯಾಳಿಸಿದಷ್ಟೂ ಅವರು ಮುಚ್ಚಿಡುತ್ತಾರೆ.

ಚಿಕಿತ್ಸೆ

ಬಸದಿಯಲ್ಲಿ ನಿಯಮ ತೆಗೆದುಕೊಳ್ಳುವುದು ಮನಸ್ಸಿಗೆ ಬಲ ಕೊಡುತ್ತದೆ. ಆದರೆ ಚಟ ಬಲವಾಗಿದ್ದರೆ ಮನೋವೈದ್ಯರನ್ನೂ ಕಾಣಲೇಬೇಕು. ಆಟದ ಆಸೆ ಯಾವಾಗ ಹುಟ್ಟುತ್ತದೆ, 'ಈ ಸಲ ಗೆಲ್ಲುತ್ತೇನೆ' ಎಂಬ ಯೋಚನೆ ಏಕೆ ತಪ್ಪು ಎಂಬುದನ್ನು ಆಪ್ತಸಮಾಲೋಚನೆಯಲ್ಲಿ ತಿಳಿಸಿಕೊಡುತ್ತಾರೆ. ಖಿನ್ನತೆ ಇದ್ದರೆ ಅದಕ್ಕೂ ಔಷಧಿ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್‌ನೆಟ್ ಗೀಳಿಗೆಂದೇ ಪ್ರತ್ಯೇಕ ಚಿಕಿತ್ಸಾ ವಿಭಾಗವಿದೆ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಮನೆಯವರೂ ಕರೆ ಮಾಡಿ ಸಲಹೆ ಕೇಳಬಹುದು.

ಸಾಲದ ಭಾರದಲ್ಲಿ 'ಬದುಕಿ ಏನು ಪ್ರಯೋಜನ' ಎಂಬ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಬಿಟ್ಟವರು ಮತ್ತೆ ಜಾರುವುದೂ ಉಂಟು. ಹಾಗಾದರೆ ಅಂದೇ ಮನೆಯಲ್ಲಿ ಹೇಳುವಷ್ಟು ಧೈರ್ಯ ಅವರಿಗಿರಬೇಕು. ಆ ಧೈರ್ಯ ಕೊಡಬೇಕಾದವರು ಮನೆಯವರೇ.